ಬಾರ್ಬಡೋಸ್‌ಗೆ ಹೋಗೋರಿಗೆ: ಬೀಚೂ ಹಳೇ ಜಾಗಗಳೂ ಒಟ್ಟಿಗೆ ನೋಡೋದು ಹೆಂಗೆ

ಕೆರಿಬಿಯನ್ ಅಂದ ತಕ್ಷಣ ನಮ್ಮೋರಿಗೆ ನೆನಪಾಗೋದು ಎರಡೇ, ಒಂದು ನೀಲಿ ಸಮುದ್ರ, ಇನ್ನೊಂದು ವೆಸ್ಟ್ ಇಂಡೀಸ್ ಕ್ರಿಕೆಟ್. ನಾವೂ ಅದನ್ನೇ ತಲೇಲಿಟ್ಕೊಂಡು ನ್ಯೂಜೆರ್ಸಿಯಿಂದ ಬಾರ್ಬಡೋಸ್‌ಗೆ ಹೋದ್ವಿ, ಫೆಬ್ರವರಿಲಿ, 8 ದಿನ, ನಾನು, ನನ್ನ ಹೆಂಡತಿ, 9 ವರ್ಷದ ಮಗಳು, ಆಮೇಲೆ ಪಾಂಡವಪುರದಿಂದ ಬಂದಿದ್ದ ನಮ್ಮಪ್ಪ. ಅಪ್ಪ ಜೀವನಪೂರ್ತಿ ಕಬ್ಬು ಬೆಳೆದೋರು, ಆ ವಿಷಯ ಯಾಕೆ ಹೇಳ್ತಿದೀನಿ ಅಂತ ಮುಂದೆ ಗೊತ್ತಾಗತ್ತೆ.

ಮೊದಲನೇ ದಿನ ನಾವು ಮಾಡಿದ ತಪ್ಪು ಹೇಳ್ಬಿಡ್ತೀನಿ, ನೀವು ಮಾಡ್ಬೇಡಿ. ಇಡೀ ದ್ವೀಪ ಒಂದೇ ದಿನದಲ್ಲಿ ತೋರಿಸ್ತೀವಿ ಅನ್ನೋ ಒಂದು ವ್ಯಾನ್ ಟೂರ್ ಬುಕ್ ಮಾಡ್ಕೊಂಡ್ವಿ, 9 ಜಾಗ, ಒಂದೊಂದು ಕಡೆ ಕಾಲು ಗಂಟೆ, ಇಳಿ ಫೋಟೋ ತೆಗಿ ಹತ್ತು, ಸಾಯಂಕಾಲ ರೂಮಿಗೆ ಬಂದಾಗ ಯಾವ ಚರ್ಚ್ ಎಲ್ಲಿತ್ತು ಯಾವ ಬೀಚ್ ಯಾವ ದಿಕ್ಕಿಗಿತ್ತು ಒಬ್ಬರಿಗೂ ನೆನಪಿಲ್ಲ, ಮಗಳಂತೂ ನೀರಿಗೆ ಕಾಲೇ ಇಡ್ಲಿಲ್ಲ ಅಂತ ಅಳೋಕೆ ಶುರು ಮಾಡಿದ್ಲು. ಆವತ್ತು ರಾತ್ರಿ ಕೂತು ಪ್ಲಾನ್ ಪೂರ್ತಿ ಬದಲಾಯಿಸಿದ್ವಿ. ದ್ವೀಪ ಉದ್ದಕ್ಕೆ 34 ಕಿಮೀ, ಅಗಲಕ್ಕೆ 23 ಕಿಮೀ ಅಷ್ಟೇ, ಮಂಡ್ಯದಿಂದ ಮೈಸೂರಿಗೆ ಇರೋ ದೂರಕ್ಕಿಂತ ಕಮ್ಮಿ. ಹಾಗಾಗಿ ಒಂದು ದಿನಕ್ಕೆ ಒಂದು ತೀರ ಮಾತ್ರ, ಆ ತೀರದ ಬೀಚು, ಆ ತೀರದ ಹಳೇ ಜಾಗ, ಎರಡೂ ಜೋಡಿ. ಬೆಳಿಗ್ಗೆ ಬಿಸಿಲು ಏರೋ ಮುಂಚೆ ನೀರು, ಮಧ್ಯಾಹ್ನ 11ರಿಂದ 3ರವರೆಗೆ ಮ್ಯೂಸಿಯಂ, ಚರ್ಚು, ಹಳೇ ಬಂಗಲೆ ಹಿಂಗೆ ನೆರಳಿರೋ ಕಡೆ, ಸಂಜೆ ಮತ್ತೆ ನೀರು. ಬಾರ್ಬಡೋಸ್ ಇರೋದು ಹೆಚ್ಚುಕಮ್ಮಿ 13 ಡಿಗ್ರಿ ಅಕ್ಷಾಂಶದಲ್ಲಿ, ಅಂದ್ರೆ ನಮ್ಮ ಬೆಂಗಳೂರು, ಮಂಗಳೂರು ಇರೋ ಗೆರೇಲೇ, ಹಾಗಾಗಿ ಮಂಗಳೂರು ಬಿಸಿಲು ಅಂದ್ಕೊಂಡೇ ಹೋಗಿ. ಗಾಳಿ ಬೀಸ್ತಾನೇ ಇರೋದ್ರಿಂದ ಸುಡ್ತಿರೋದು ಗೊತ್ತಾಗಲ್ಲ, ರಾತ್ರಿ ಬೆನ್ನು ಉರಿಯೋಕೆ ಶುರುವಾದಾಗ ಗೊತ್ತಾಗತ್ತೆ.

ಪೇಪರ್ಸ್ ವಿಷಯ ಬೇಗ ಮುಗಿಸ್ತೀನಿ. ಇಂಡಿಯನ್ ಪಾಸ್‌ಪೋರ್ಟ್ ಇರೋರಿಗೆ ಟೂರಿಸ್ಟ್ ಆಗಿ ಹೋಗೋಕೆ ವೀಸಾ ಬೇಡ, ಆದ್ರೂ ಟಿಕೆಟ್ ಬುಕ್ ಮಾಡೋ ಮುಂಚೆ ಅವರ ಸರ್ಕಾರದ ಸೈಟಲ್ಲಿ ಒಂದ್ಸಲ ಕನ್ಫರ್ಮ್ ಮಾಡ್ಕೊಳ್ಳಿ, ಹೊರಡೋ ಮುಂಚೆ ತುಂಬ್ಬೇಕಾದ ಆನ್‌ಲೈನ್ ಫಾರ್ಮೂ ಅಲ್ಲೇ ಸಿಗತ್ತೆ. ವೀಸಾ ತಲೆನೋವು ಇರೋದು ದಾರೀಲಿ. ಇಂಡಿಯಾದಿಂದ ನೇರ ವಿಮಾನ ಇಲ್ಲ, ಸಾಮಾನ್ಯವಾಗಿ ಲಂಡನ್ ಮೇಲೆ ಇಲ್ಲಾ ಅಮೆರಿಕ, ಕೆನಡಾ ಮೇಲೆ ಹೋಗ್ಬೇಕು, ಆ ದೇಶದ ಟ್ರಾನ್ಸಿಟ್ ರೂಲ್ ನೋಡ್ಕೊಳ್ಳಿ, ಅಮೆರಿಕದಲ್ಲಂತೂ ಬರೀ ವಿಮಾನ ಬದಲಾಯಿಸೋಕೂ ವೀಸಾ ಬೇಕು. ಅಮೆರಿಕದಲ್ಲಿ ಎಚ್1ಬಿ ಅನ್ನೋ ಕೆಲಸದ ವೀಸಾ ಮೇಲೆ ಇರೋರು ಪಾಸ್‌ಪೋರ್ಟ್‌ನಲ್ಲಿ ವೀಸಾ ಸ್ಟ್ಯಾಂಪ್ ವ್ಯಾಲಿಡ್ ಇದ್ರೆ ಮಾತ್ರ ಹೋಗಿ, ಎಕ್ಸ್‌ಪೈರ್ ಆದ ಸ್ಟ್ಯಾಂಪಲ್ಲಿ ಕೆನಡಾ, ಮೆಕ್ಸಿಕೋಗೆ ಸ್ವಲ್ಪ ದಿನ ಹೋಗಿ ವಾಪಸ್ ಬರೋ ಆ ಸೌಲಭ್ಯ ಎಚ್1ಬಿಯವರಿಗೆ ಈ ದ್ವೀಪಗಳಿಗೆ ಅನ್ವಯಿಸಲ್ಲ. ಅದೇ ಟ್ರಿಪ್‌ನಲ್ಲಿ ಟ್ರಿನಿಡಾಡ್, ಗಯಾನಾ ನೋಡ್ಕೊಂಡು ಇಂಡಿಯಾಕ್ಕೆ ಹೋಗೋರು ಯೆಲ್ಲೋ ಫೀವರ್ ಲಸಿಕೆ ಕಾರ್ಡ್ ಮರೀಬೇಡಿ.

ದುಡ್ಡಿನ ಲೆಕ್ಕ ಸುಲಭ, 2 ಬಾರ್ಬಡೋಸ್ ಡಾಲರ್‌ಗೆ 1 ಅಮೆರಿಕನ್ ಡಾಲರ್, 1975ರಿಂದ ಇದೇ ರೇಟು. ಅಮೆರಿಕನ್ ನೋಟು ಹೆಚ್ಚುಕಮ್ಮಿ ಎಲ್ಲಾ ಕಡೆ ತಗೋತಾರೆ, ಚಿಲ್ಲರೆ ಮಾತ್ರ ಅವರ ದುಡ್ಡಲ್ಲಿ ಕೊಡ್ತಾರೆ. ಬೋರ್ಡಲ್ಲಿ ಡಾಲರ್ ಅಂತಷ್ಟೇ ಬರ್ದಿದ್ರೆ ಯಾವ ಡಾಲರ್ ಅಂತ ಮೊದಲೇ ಕೇಳಿ, ಟ್ಯಾಕ್ಸಿಲಂತೂ ಹತ್ತೋ ಮುಂಚೆನೇ. ಹೋಗೋಕೆ ಒಳ್ಳೇ ಕಾಲ ಡಿಸೆಂಬರ್‌ನಿಂದ ಏಪ್ರಿಲ್, ಮಳೆ ಕಮ್ಮಿ, ಆದ್ರೆ ರೂಮ್ ದುಬಾರಿ. ಜೂನ್‌ನಿಂದ ನವೆಂಬರ್ ಹರಿಕೇನ್ ಸೀಸನ್. 2024ರಲ್ಲಿ ಟಿ20 ವರ್ಲ್ಡ್ ಕಪ್ ಗೆದ್ದ ನಮ್ಮ ಕ್ರಿಕೆಟ್ ಟೀಮೇ ಬೆರಿಲ್ ಹರಿಕೇನ್ ಬಂದು ಅಲ್ಲೇ ಸಿಕ್ಕಾಕ್ಕೊಂಡು ದಿನಗಟ್ಟಲೆ ಹೋಟೆಲಲ್ಲೇ ಕೂತಿತ್ತಲ್ಲ, ನೆನಪಿರ್ಬೇಕು. ಬೇಸಿಗೆ ತಿಂಗಳುಗಳಲ್ಲಿ ಇನ್ನೊಂದು ಕಾಟ, ಸಾರ್ಗಾಸಮ್ ಅನ್ನೋ ಕಂದು ಬಣ್ಣದ ಕಡಲಕಳೆ ರಾಶಿರಾಶಿ ಬಂದು ಪೂರ್ವ, ದಕ್ಷಿಣ ತೀರದಲ್ಲಿ ಬೀಳತ್ತೆ, ಕೊಳೆತ್ರೆ ವಾಸನೆ. ಆವಾಗ ಪಶ್ಚಿಮ ತೀರದಲ್ಲಿ ರೂಮ್ ಮಾಡೋದೇ ವಾಸಿ.

ಬಟ್ಟೆ ಪ್ಯಾಕ್ ಮಾಡೋವಾಗ ಒಂದು ನೋಡ್ಕೊಳ್ಳಿ, ಮಿಲಿಟರಿ ಡಿಸೈನ್ ಕ್ಯಾಮೊಫ್ಲಾಜ್ ಬಟ್ಟೆ ಅಲ್ಲಿ ಕಾನೂನುಬಾಹಿರ, ಮಕ್ಕಳ ಟೋಪಿ, ಚಡ್ಡಿ, ಬ್ಯಾಗು ಕೂಡ. ಮಗಳ ಬ್ಯಾಕ್‌ಪ್ಯಾಕ್ ಆ ಡಿಸೈನಿಂದೇ ಇತ್ತು, ಮನೇಲೇ ಬಿಟ್ಟು ಬಂದ್ವಿ.

ಓಡಾಟಕ್ಕೆ ಕಾರ್ ತಗೋತೀರಾ ಬಸ್ಸಾ ಅಂದ್ರೆ, ಎರಡೂ. ರಾಜಧಾನಿ ಬ್ರಿಡ್ಜ್‌ಟೌನ್, ದಕ್ಷಿಣ, ಪಶ್ಚಿಮ ತೀರಕ್ಕೆಲ್ಲ ಬಸ್ ಸಾಕು. ಸರ್ಕಾರಿ ಬಸ್ ನೀಲಿ, ಪ್ರೈವೇಟ್ ಮಿನಿಬಸ್ ಹಳದಿ, ಇನ್ನೊಂದು ಬಿಳಿ ವ್ಯಾನ್, ಅದನ್ನ ನಂಬರ್ ಪ್ಲೇಟ್ ನೋಡಿ ಝೆಡ್‌ಆರ್ ಅಂತಾರೆ, ನಮ್ಮ ಹಳ್ಳಿ ಕಡೆ ಟೆಂಪೋ ಇದ್ದಂಗೆ, ಜೋರು ಹಾಡು ಹಾಕ್ಕೊಂಡು ಒತ್ತಿ ಒತ್ತಿ ಕೂರಿಸ್ಕೋತಾರೆ, ಅಪ್ಪನಿಗೆ ಅದೇ ಇಷ್ಟವಾಯ್ತು. ಎಷ್ಟು ದೂರ ಹೋದ್ರೂ 3.50 ಬಾರ್ಬಡೋಸ್ ಡಾಲರ್, ನೀಲಿ ಬಸ್ಸಿಗೆ ಸರಿಯಾದ ಚಿಲ್ಲರೆ ಕೈಯಲ್ಲಿರಲಿ. ಸ್ಟಾಪಿನ ಬೋರ್ಡ್ ಮೇಲೆ ಊರಿಗೆ ಹೋಗೋದಾ ಊರಿಂದ ಆಚೆ ಹೋಗೋದಾ ಅಂತಷ್ಟೇ ಬರ್ದಿರತ್ತೆ, ಊರು ಅಂದ್ರೆ ಬ್ರಿಡ್ಜ್‌ಟೌನ್. ಅಲ್ಲಿ ಫೇರ್‌ಚೈಲ್ಡ್ ಸ್ಟ್ರೀಟ್ ಸ್ಟ್ಯಾಂಡಿಂದ ದಕ್ಷಿಣಕ್ಕೂ ಪೂರ್ವಕ್ಕೂ, ಪ್ರಿನ್ಸೆಸ್ ಆಲಿಸ್ ಸ್ಟ್ಯಾಂಡಿಂದ ಪಶ್ಚಿಮ ತೀರದ ಹೋಲ್‌ಟೌನ್, ಸ್ಪೈಟ್ಸ್‌ಟೌನ್ ಕಡೆಗೆ. ಉತ್ತರ, ಪೂರ್ವಕ್ಕೆ ಹೋಗೋ 2 ದಿನ ಮಾತ್ರ ನಾವು ಕಾರ್ ತಗೊಂಡ್ವಿ. ನಮ್ಮ ಥರಾನೇ ಎಡಗಡೆ ಡ್ರೈವಿಂಗ್, ವಿಸಿಟರ್ ಪರ್ಮಿಟ್ ಕಾರ್ ಕೊಡೋರೇ ಮಾಡಿಸ್ತಾರೆ, ಒಳದಾರಿಗಳು ಕಿರಿದು, ಎರಡೂ ಕಡೆ ಆಳೆತ್ತರ ಕಬ್ಬು, ತಿರುವಲ್ಲಿ ಎದುರಿಗೆ ಬರೋದು ಕಾಣಲ್ಲ, ಹಾರ್ನ್ ಮಾಡ್ಕೊಂಡು ನಿಧಾನ ಹೋಗಿ.

ಆಮೇಲೆ ಬಸ್ ಹತ್ತಿದ್ರೂ ಅಂಗಡಿಗೆ ಹೋದ್ರೂ ಮೊದಲು ಗುಡ್ ಮಾರ್ನಿಂಗ್, ಗುಡ್ ಆಫ್ಟರ್‌ನೂನ್ ಹೇಳಿ, ಆಮೇಲೆ ನಿಮ್ಮ ಪ್ರಶ್ನೆ. ಅಲ್ಲಿನವರು ತಮ್ಮನ್ನ ಬೇಜನ್ ಅಂತ ಕರ್ಕೋತಾರೆ, ಈ ನಮಸ್ಕಾರಕ್ಕೆ ಬಹಳ ಬೆಲೆ ಕೊಡ್ತಾರೆ. ನೇರವಾಗಿ ಎಷ್ಟು, ಎಲ್ಲಿ ಅಂತ ಕೇಳಿದ್ರೆ ಮುಖ ಗಂಟಾಗತ್ತೆ, ನಮಸ್ಕಾರ ಹೇಳಿದ್ರೆ ಸ್ಟಾಪ್ ಬಂದಾಗ ಅವರೇ ಕೂಗಿ ಇಳಿಸ್ತಾರೆ.

ಬ್ರಿಡ್ಜ್‌ಟೌನ್, ಗ್ಯಾರಿಸನ್, ಕಾರ್ಲೈಲ್ ಬೇ

ಇದಕ್ಕೆ ಕನಿಷ್ಠ 2 ದಿನ ಇಡಿ, ಬೇರೆ ಏನು ಬಿಟ್ರೂ ಇದನ್ನ ಬಿಡ್ಬೇಡಿ. ಬ್ರಿಡ್ಜ್‌ಟೌನ್ ಹಳೇ ಪೇಟೆ ಮತ್ತೆ ಪಕ್ಕದ ಗ್ಯಾರಿಸನ್ ಅನ್ನೋ ಹಳೇ ಸೈನ್ಯದ ನೆಲೆ ಎರಡೂ ಸೇರಿ 2011ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಬಂದಿವೆ.

ಬೆಳಿಗ್ಗೆ 6 ಗಂಟೆಗೆ ಕಾರ್ಲೈಲ್ ಬೇ ದಡದ ಪೆಬಲ್ಸ್ ಬೀಚಲ್ಲಿ ಇರಿ. ಕಷ್ಟಪಟ್ಟು ಎದ್ದು ಹೋಗಿ ಅಂತಾನೇ ಹೇಳೋದು ನಾನು. ಗ್ಯಾರಿಸನ್ ರೇಸ್‌ಕೋರ್ಸಿನ ಕುದುರೆಗಳನ್ನ ಸ್ನಾನಕ್ಕೆ ಅಲ್ಲಿಗೆ ಕರ್ಕೊಂಡು ಬರ್ತಾರೆ. ನಾವು ಹೋದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರ್ಲಿಲ್ಲ, ಮೊದಲು ಮರಳ ಮೇಲೆ ಗೊರಸಿನ ಸದ್ದು ಕೇಳಿಸ್ತು, ಆಮೇಲೆ ಒಬ್ಬ ಹುಡುಗ ಹಗ್ಗ ಹಿಡ್ಕೊಂಡು ಎದೆಮಟ್ಟ ನೀರಿಗೆ ಇಳಿದ, ಹಿಂದೆ ಕಂದು ಬಣ್ಣದ ಕುದುರೆ, ಒಂದು ಕ್ಷಣ ಹಿಂದೇಟು ಹಾಕ್ತು, ಆಮೇಲೆ ಕಾಲು ನೆಲ ಬಿಡ್ತು ನೋಡಿ, ತಲೆ ಮಾತ್ರ ಮೇಲೆ, ಮೂಗಿನ ಹೊಳ್ಳೆ ಅಗಲ ಮಾಡ್ಕೊಂಡು ಒಂದೊಂದು ಸಲ ಕಾಲು ಬಡಿದಾಗಲೂ ಫುರ್ ಫುರ್ ಅಂತ ಉಸಿರು ಬಿಡ್ತಾ ಆ ಹುಡುಗನ ಸುತ್ತ ಈಜ್ತು. ಮಗಳು ನನ್ನ ಕೈ ಹಿಡ್ಕೊಂಡೋಳು ಬಿಡ್ಲೇ ಇಲ್ಲ. ಕುದುರೆ ಹತ್ರ ಹೋಗ್ಬೇಡಿ, ಫ್ಲ್ಯಾಶ್ ಹಾಕ್ಬೇಡಿ, ದೂರದಿಂದ ನೋಡಿ, ಅದಕ್ಕೆ ಟಿಕೆಟ್ಟೂ ಇಲ್ಲ ಏನೂ ಇಲ್ಲ.

ಕುದುರೆಗಳು ಹೋದ್ಮೇಲೆ ನೀವೂ ಇಳೀರಿ. ಕಾರ್ಲೈಲ್ ಬೇ ಅರ್ಧಚಂದ್ರದ ಆಕಾರದ ಕೊಲ್ಲಿ, ಅಲೆ ಕಮ್ಮಿ, ತಳ ಕಾಣೋ ಅಷ್ಟು ತಿಳಿ ನೀರು, ಈಜು ಬರದೇ ಇರೋರಿಗೂ ದಡದ ಹತ್ರ ಭಯ ಇಲ್ಲ. ನೀರೊಳಗೆ ಹಳೇ ಹಡಗುಗಳು ಮುಳುಗಿವೆ, ಬರ್ವಿನ್ ಅನ್ನೋ ಒಂದು 1919ರಲ್ಲಿ ಮುಳುಗಿದ್ದು, ಹೆಚ್ಚು ಆಳ ಇಲ್ಲದೇ ಇರೋದ್ರಿಂದ ಸ್ನಾರ್ಕೆಲ್ ಅನ್ನೋ ಉಸಿರಾಟದ ಕೊಳವೆ ಹಾಕ್ಕೊಂಡು ಮೇಲಿಂದಾನೇ ನೋಡ್ಬಹುದು. ಆಮೆಗಳೂ ಸಿಗ್ತವೆ. ಟೂರ್ ಬೋಟ್ ಬರೋಕಿಂತ ಮುಂಚೆ ಹೋದ್ರೆ ಜನ ಕಮ್ಮಿ, ಆಮೆನ ಮುಟ್ಬೇಡಿ, ಮೀನು ಹಾಕಿ ಕರೀಬೇಡಿ, ಸುಮ್ನೆ ತೇಲ್ತಾ ಇದ್ರೆ ಅದೇ ಪಕ್ಕದಲ್ಲಿ ಹೋಗತ್ತೆ.

ಬಿಸಿಲೇರಿದ ಮೇಲೆ ಪೆಬಲ್ಸಿಂದ ನಡ್ಕೊಂಡೇ ಗ್ಯಾರಿಸನ್‌ಗೆ ಹೋಗಿ. ಬ್ರಿಟಿಷ್ ಸೈನ್ಯದ ದೊಡ್ಡ ನೆಲೆ ಆಗಿತ್ತು ಇದು, ಮಧ್ಯದ ಮೈದಾನ ಸವಾನ್ನಾದಲ್ಲೇ 1966ರ ನವೆಂಬರ್ 30ರ ಮಧ್ಯರಾತ್ರಿ ಬ್ರಿಟಿಷ್ ಬಾವುಟ ಇಳಿದು ಬಾರ್ಬಡೋಸ್ ಬಾವುಟ ಏರಿದ್ದು. ಹಳೇ ಮಿಲಿಟರಿ ಜೈಲಿನ ಕಟ್ಟಡದಲ್ಲಿ ಬಾರ್ಬಡೋಸ್ ಮ್ಯೂಸಿಯಂ ಇದೆ, ಮೊದಲು ಅಲ್ಲಿಗೆ ಹೋಗಿ, 2 ಗಂಟೆ ಇಡಿ, ಯಾಕಂದ್ರೆ ಅದನ್ನ ನೋಡಿದ್ರೆ ಆಮೇಲೆ ದ್ವೀಪದಲ್ಲಿ ಕಾಣೋ ಪ್ರತಿ ಬಂಗಲೆ, ಪ್ರತಿ ಗಿರಣಿ ಆಫ್ರಿಕಾದಿಂದ ತಂದ ಗುಲಾಮರ ಬೆವರಲ್ಲಿ ಎದ್ದಿದ್ದು ಅಂತ ಅರ್ಥ ಆಗತ್ತೆ. ಪಕ್ಕದಲ್ಲೇ ಜಾರ್ಜ್ ವಾಷಿಂಗ್ಟನ್ ಹೌಸ್. ಆಮೇಲೆ ಅಮೆರಿಕದ ಮೊದಲ ಅಧ್ಯಕ್ಷರಾದ ವಾಷಿಂಗ್ಟನ್, 1751ರಲ್ಲಿ 19 ವರ್ಷದವರಿದ್ದಾಗ, ಕ್ಷಯ ಇದ್ದ ಅಣ್ಣನ ಜೊತೆ ಹವಾ ಬದಲಾವಣೆಗೆ ಬಂದು ಉಳ್ಕೊಂಡಿದ್ದ ಮನೆ, ಅಲ್ಲಿದ್ದಾಗ ಅವರಿಗೆ ಸಿಡುಬು ಬಂತು, ಬದುಕಿ ಉಳಿದ್ರು, ಆಮೇಲೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಸೈನ್ಯದಲ್ಲಿ ಸಿಡುಬು ಹರಡಿದಾಗ ಅವರಿಗೆ ಏನೂ ಆಗ್ಲಿಲ್ಲ. ಮನೆ ಕೆಳಗೆ 2011ರಲ್ಲಿ ಪತ್ತೆಯಾದ ಸುರಂಗ ಇದೆ, ಒಂದು ತುಂಡು ಒಳಗೆ ನಡೀಬಹುದು, ಹವಳದ ಸುಣ್ಣಕಲ್ಲಲ್ಲಿ ಕೊರೆದಿದ್ದು, ಮಧ್ಯಾಹ್ನದಲ್ಲೂ ತಂಪು.

ಎರಡನೇ ದಿನ ಪೇಟೆ. ಕೆರಿನೇಜ್ ಅನ್ನೋ ಒಳಬಂದರಿನ ಹತ್ರ ಶುರು ಮಾಡಿ, ಹಿಂದೆ ಹಡಗುಗಳನ್ನ ಒಂದು ಪಕ್ಕಕ್ಕೆ ವಾಲಿಸಿ ತಳ ಕೆರೆದು ಕ್ಲೀನ್ ಮಾಡ್ತಿದ್ದ ಜಾಗ ಆದ್ರಿಂದ ಆ ಹೆಸರು. ಎದುರಿಗೆ ಪಾರ್ಲಿಮೆಂಟ್ ಕಟ್ಟಡ, ಅವರ ಪಾರ್ಲಿಮೆಂಟ್ ಶುರುವಾಗಿದ್ದು 1639ರಲ್ಲಿ, ಈ ಕಟ್ಟಡ 1870ರ ದಶಕದ್ದು. ಮುಂದಿನ ನ್ಯಾಷನಲ್ ಹೀರೋಸ್ ಸ್ಕ್ವೇರಲ್ಲಿ 1813ರಿಂದ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್ ಪ್ರತಿಮೆ ಇತ್ತು, ಲಂಡನ್ನಿನ ನೆಲ್ಸನ್ ಕಂಬಕ್ಕಿಂತ ಹಳೇದು, ಅದನ್ನ 2020ರ ನವೆಂಬರಲ್ಲಿ ಇಳಿಸಿದ್ರು, ಮಾರನೇ ವರ್ಷ ನವೆಂಬರ್ 30ಕ್ಕೆ ಇಂಗ್ಲೆಂಡ್ ರಾಣಿನ ಬಿಟ್ಟು ದೇಶ ಗಣರಾಜ್ಯ ಆಯ್ತು. ಅಲ್ಲಿಂದ ಸ್ವಲ್ಪ ನಡೆದ್ರೆ ನಿಧೆ ಇಸ್ರೇಲ್ ಸಿನಗಾಗ್, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ, 1654ರದ್ದು, 1831ರ ಹರಿಕೇನಲ್ಲಿ ಬಿದ್ದು 1833ರಲ್ಲಿ ಮತ್ತೆ ಕಟ್ಟಿದ್ದು. ಬ್ರೆಜಿಲ್‌ನಿಂದ ಓಡಿಬಂದ ಯಹೂದಿಗಳು ಕಟ್ಕೊಂಡಿದ್ದು ಇದು, ಕಬ್ಬು ಅರೆದು ಸಕ್ಕರೆ ಮಾಡೋ ವಿದ್ಯೆನ ಇಲ್ಲಿಗೆ ತಂದವರಲ್ಲಿ ಅವರೂ ಸೇರಿದ್ರು. ಪಕ್ಕದಲ್ಲಿ ಮೆಟ್ಟಿಲಿಳಿದು ಹೋಗೋ ಸ್ನಾನದ ಕೊಳ ಇದೆ, ಎಷ್ಟೋ ಕಾಲ ಮಣ್ಣಲ್ಲಿ ಮುಚ್ಚಿ ಹೋಗಿದ್ದು 2008ರಲ್ಲಿ ಅಗೆದಾಗ ಸಿಕ್ತು, ಒಳಗೆ ಇವತ್ತಿಗೂ ತಿಳಿ ನೀರು, ನಮ್ಮ ಕಲ್ಯಾಣಿ ಪುಟ್ಟದಾಗಿ ಇದ್ದಂಗೆ. ಶನಿವಾರ ಹೋಗ್ಬೇಡಿ, ಅವರಿಗೆ ಸಬ್ಬತ್, ಅಂದ್ರೆ ವಾರದ ವಿಶ್ರಾಂತಿ ದಿನ.

ಕ್ರಿಕೆಟ್ ಹುಚ್ಚಿರೋರಿಗೆ ಕೆನ್ಸಿಂಗ್ಟನ್ ಓವಲ್ ಪೇಟೆಯಿಂದ ನಡೆಯೋ ದೂರದಲ್ಲಿದೆ, ಹೊರಗೆ ವೆಸ್ಟ್ ಇಂಡೀಸ್ ಆಟಗಾರ ಗ್ಯಾರಿ ಸೋಬರ್ಸ್ ಪ್ರತಿಮೆ. ಒಳಗೆ ಹೋಗೋಕೆ ಮ್ಯಾಚ್ ಇಲ್ಲದ ದಿನ ಮೊದಲೇ ಫೋನ್ ಮಾಡಿ ಕೇಳಿ. ಅಪ್ಪ ಗೇಟ್ ಹತ್ರ ನಿಂತು ವೆಸ್ಟ್ ಇಂಡೀಸ್ ಮೇಲಿನ 1997ರ ಟೆಸ್ಟ್ ಕಥೆ ತೆಗೆದ್ರು, ಗೆಲ್ಲೋಕೆ ಬರೀ 120 ಬೇಕಿದ್ದಾಗ ನಮ್ಮೋರು 81ಕ್ಕೆ ಆಲೌಟ್, ಆ ಟೀಮಲ್ಲಿ ನಮ್ಮ ದ್ರಾವಿಡ್ ಇದ್ದ, ಅದೇ ಗ್ರೌಂಡಲ್ಲಿ 2024ರ ಜೂನ್ 29ಕ್ಕೆ ವರ್ಲ್ಡ್ ಕಪ್ ಫೈನಲಲ್ಲಿ ಸೌತ್ ಆಫ್ರಿಕಾನ 7 ರನ್ನಿಂದ ಸೋಲಿಸಿದಾಗ ಅದೇ ದ್ರಾವಿಡ್ ಕೋಚ್, ಕೋಚಾಗಿ ಕೊನೇ ಮ್ಯಾಚ್. ಆವತ್ತು ಕಪ್ ಹಿಡ್ಕೊಂಡು ಕಿರುಚಿದ್ನಲ್ಲ, ಅಷ್ಟು ವರ್ಷದಿಂದ ಅದನ್ನ ಹೊಟ್ಟೇಲಿಟ್ಕೊಂಡಿದ್ದ ಕಣ್ಲಾ ಅಂದ್ರು ಅಪ್ಪ. ಸಂಜೆ ಹತ್ತಿರದ ಬ್ರಾಂಡನ್ಸ್ ಬೀಚಲ್ಲಿ ಕೂತ್ಕೊಂಡ್ವಿ, ಸೂರ್ಯ ಸುಮಾರು 6 ಗಂಟೆಗೆಲ್ಲ ಮುಳುಗ್ತಾನೆ, ಕತ್ತಲೆ ಬೇಗ ಆಗತ್ತೆ, ವಾಪಸ್ ಹೋಗೋದನ್ನ ಅದಕ್ಕೆ ತಕ್ಕಂಗೆ ನೋಡ್ಕೊಳ್ಳಿ.

ಪಶ್ಚಿಮ

ಇದು ದುಡ್ಡಿರೋರ ತೀರ, ಉದ್ದಕ್ಕೂ ರೆಸಾರ್ಟ್, ಬಂಗಲೆ. ಆದ್ರೆ ಬಾರ್ಬಡೋಸಲ್ಲಿ ಯಾವ ಬೀಚೂ ಯಾರ ಸ್ವಂತದ್ದೂ ಅಲ್ಲ, ಎಷ್ಟು ದೊಡ್ಡ ಹೋಟೆಲ್ ಮುಂದಿದ್ರೂ ಮರಳು ಎಲ್ಲರದ್ದು. ಹೋಟೆಲ್‌ಗಳ ಮಧ್ಯೆ ಸಣ್ಣ ಓಣಿ ಥರ ದಾರಿ ಬಿಟ್ಟಿರ್ತಾರೆ, ಅದ್ರಲ್ಲಿ ಧೈರ್ಯವಾಗಿ ಇಳೀರಿ, ಹೋಟೆಲಿನ ಕುರ್ಚಿ ಮಾತ್ರ ಮುಟ್ಬೇಡಿ. ಪೇನ್ಸ್ ಬೇ, ಮಲಿನ್ಸ್ ಎರಡೂ ಚೆನ್ನಾಗಿವೆ, ಮಕ್ಕಳಿಗೆ ಹೇಳಿ ಮಾಡಿಸಿದ ನೀರು.

ಇಲ್ಲೇ ನಮಗೆ ಎದೆ ಧಸಕ್ ಅಂದಿದ್ದು. ಮಗಳು ಮರದ ಕೆಳಗೆ ಬಿದ್ದಿದ್ದ ಸಣ್ಣ ಹಸಿರು ಸೇಬಿನಂಥ ಹಣ್ಣು ಎತ್ಕೊಂಡು ಮೂಸ್ತಾ ಇದ್ಲು, ಎಳನೀರು ಮಾರ್ತಿದ್ದ ಹೆಂಗಸು ಕತ್ತಿ ಕೆಳಗಿಟ್ಟು ಓಡಿ ಬಂದು ಕೈ ತಟ್ಟಿ ಬೀಳಿಸಿದ್ಲು. ಅದು ಮ್ಯಾಂಚಿನೀಲ್ ಮರ, ಹಣ್ಣು ಎಲೆ ಹಾಲು ಎಲ್ಲಾ ವಿಷ, ಮಳೆ ಬಂದಾಗ ಕೆಳಗೆ ನಿಂತು ಹನಿ ಬಿದ್ರೂ ಮೈ ಬೊಬ್ಬೆ ಬರತ್ತೆ. ಸಾಮಾನ್ಯವಾಗಿ ಕಾಂಡಕ್ಕೆ ಕೆಂಪು ಪಟ್ಟೆ ಬಳ್ದಿರ್ತಾರೆ, ಬಳಿದೇ ಇರೋವೂ ಇರ್ತವೆ, ಹಾಗಾಗಿ ಗುರುತಿಲ್ಲದ ಮರದ ಕೆಳಗೆ ಟವಲ್ ಹಾಸ್ಬೇಡಿ. ಆ ಹೆಂಗಸು ಮಗಳ ಕೈಯನ್ನ ಸೋಪ್ ಹಾಕಿ ಎರಡು ಸಲ ತೊಳೆಸಿ ಆಮೇಲೆ ಎಳನೀರು ಕೊಟ್ಲು, ದುಡ್ಡು ಬೇಡ ಅಂದ್ಲು, ಬಲವಂತ ಮಾಡಿ ಕೊಟ್ವಿ.

ಹೋಲ್‌ಟೌನಲ್ಲಿ ಇಂಗ್ಲಿಷರು ಬಂದಿಳಿದ ನೆನಪಿಗೆ ಒಂದು ಸ್ಮಾರಕ ಇದೆ, ಅದರ ಮೇಲೆ 1605 ಅಂತ ಕೆತ್ತಿದಾರೆ, ಅದು ತಪ್ಪು ಇಸವಿ. ಹಡಗು ಬಂದಿದ್ದು 1625ರಲ್ಲಿ, ಜನ ಬಂದು ನೆಲೆ ನಿಂತಿದ್ದು 1627ರಲ್ಲಿ. ಸೇಂಟ್ ಜೇಮ್ಸ್ ಚರ್ಚ್ ನೋಡಿ, ಒಳಗೆ 1696ರ ಗಂಟೆ ಇದೆ, ಹೊರಗೆ ಮರದ ನೆರಳು, ಅರ್ಧ ಗಂಟೆ ಸಾಕು.

ಉತ್ತರ

ಸೇಂಟ್ ನಿಕೋಲಸ್ ಆಬಿ ಅಂತ ಹೆಸರಿದ್ರೂ ಅದು ಮಠ ಅಲ್ಲ, 1658ರ ಸಕ್ಕರೆ ಎಸ್ಟೇಟ್ ಬಂಗಲೆ. ಆ ಕಾಲದ ಜಾಕೋಬಿಯನ್ ಅನ್ನೋ ಇಂಗ್ಲಿಷ್ ಶೈಲಿ ಮನೆಗಳು ಅಮೆರಿಕ ಖಂಡದ ಕಡೆ ಮೂರೇ ಉಳಿದಿರೋದು, ಅದರಲ್ಲಿ ಎರಡು ಬಾರ್ಬಡೋಸಲ್ಲಿವೆ, ಒಂದು ಇದು, ಇನ್ನೊಂದು ಡ್ರ್ಯಾಕ್ಸ್ ಹಾಲ್. ಮನೆ ಚೆನ್ನಾಗಿದೆ, ಇಂಗ್ಲೆಂಡಿನ ನಕ್ಷೆ ಹಿಡ್ಕೊಂಡು ಕಟ್ಟಿದ್ರಿಂದ ಈ ಬಿಸಿಲಿನ ಊರಲ್ಲೂ ಚಳಿ ಕಾಯಿಸ್ಕೊಳೋ ಅಗ್ಗಿಷ್ಟಿಕೆ ಇದೆ. ಕಬ್ಬು ಅರೆಯೋ ಸೀಸನ್ ಫೆಬ್ರವರಿಯಿಂದ ಮೇ, ಆವಾಗ ಹೋದ್ರೆ ಹಸಿ ಕಬ್ಬಿನ ಹಾಲಿನ ವಾಸನೆ ದಾರೀಲೇ ಬರತ್ತೆ.

ಇಂಥ ಎಸ್ಟೇಟ್ ಮನೆಗಳ ಹತ್ರ ಅಂಗಳದಲ್ಲಿ ಹಳೇ ದೊಡ್ಡ ಪಾತ್ರೆಗಳು ಇಟ್ಟಿರ್ತಾರೆ, ಕೆಲವು ಕಡೆ ಹೂವಿನ ಗಿಡ ಹಾಕಿರ್ತಾರೆ, ನಾನು ಹೂಕುಂಡ ಅಂದ್ಕೊಂಡು ಮುಂದೆ ಹೋದೆ. ಅಪ್ಪ ನಿಂತ್ಬಿಟ್ರು. "ನೋಡ್ಲಾ ಮಗ, ಇದು ಕೊಪ್ಪರಿಗೆ ಕಣ್ಲಾ, ನಮ್ಮ ಆಲೆಮನೆ ಕೊಪ್ಪರಿಗೆನೇ" ಅಂತ ಬಗ್ಗಿ ಅಂಚು ಸವರಿದ್ರು. ಆಮೇಲೆ ಮಗಳನ್ನ ಪಕ್ಕ ಕೂರಿಸ್ಕೊಂಡು ಗಾಣ, ಹಾಲು, ಕುದಿಸೋದು, ನೊರೆ ತೆಗೆಯೋದು, ಪಾಕ ಹದ ನೋಡೋದು ಎಲ್ಲಾ ಹೇಳಿದ್ರು, ರಾತ್ರಿಯೆಲ್ಲ ಬೆಂಕಿ ಮುಂದೆ ನಿದ್ದೆಗೆಟ್ಟು ನಿಂತ್ರೆ ಹೆಂಗಿರತ್ತೆ ಅಂತಾನೂ ಹೇಳಿದ್ರು. ತಾತ, ನಿಂಗೆ ದುಡ್ಡು ಕೊಡ್ತಿದ್ರು ಅಲ್ವಾ, ಇಲ್ಲಿ ಅವರಿಗೆ ಕೊಡ್ತಿರ್ಲಿಲ್ಲ ಅಂತ ಮ್ಯೂಸಿಯಂ ಅಲ್ಲಿ ಬರ್ದಿತ್ತು ಅಂದ್ಲು ಮಗಳು. ಅಪ್ಪ ತುಂಬಾ ಹೊತ್ತು ಮಾತಾಡ್ಲಿಲ್ಲ. ಮ್ಯೂಸಿಯಂ ಮೊದಲು ನೋಡಿ ಅಂತ ನಾನು ಹೇಳೋದು ಇದಕ್ಕೇ, ಮಕ್ಕಳಿದ್ರೆ ಇನ್ನೂ ಮುಖ್ಯ.

ಅಲ್ಲಿಂದ ಚೆರ್ರಿ ಟ್ರೀ ಹಿಲ್ ಇಳಿದ್ರೆ ಮಾರ್ಗನ್ ಲೂಯಿಸ್ ಗಿರಣಿ, ಗಾಳೀಲಿ ತಿರುಗೋ ಕಬ್ಬಿನ ಗಾಣ. ಒಂದು ಕಾಲದಲ್ಲಿ ದ್ವೀಪದ ತುಂಬಾ ಇಂಥವು ನೂರಾರು ಇದ್ವು, ಈಗ ಹೊಲಗಳ ಮಧ್ಯೆ ಬರೀ ಕಲ್ಲಿನ ಗೋಪುರದ ಮೋಟು ಕಾಣತ್ತೆ, ಪೂರ್ತಿ ರೂಪ ಉಳಿದಿರೋದು ಇದೊಂದೇ. ಒಳಗೆ ಬಿಡೋದು ಯಾವಾಗ್ಲೂ ಇರಲ್ಲ, ಹೊರಗಿನಿಂದ ನೋಡಿದ್ರೂ ಸಾರ್ಥಕ.

ದ್ವೀಪದ ತುದೀಲಿ ಅನಿಮಲ್ ಫ್ಲವರ್ ಕೇವ್, ಮೆಟ್ಟಿಲಿಳಿದ್ರೆ ಸಮುದ್ರ ಕೊರೆದ ಗುಹೆ, ಕಿಟಕಿ ಥರ ಬಂಡೆ ಸಂದಿ, ಆಚೆ ಅಲೆ. ನೆಲ ಜಾರತ್ತೆ, ಹವಾಯಿ ಚಪ್ಪಲಿ ಬೇಡ, ಗ್ರಿಪ್ ಇರೋ ಶೂ ಹಾಕಿ. ಸಮುದ್ರ ಜೋರಿದ್ರೆ ಗುಹೆ ಮುಚ್ತಾರೆ, ಹೊರಡೋ ಮುಂಚೆ ಫೋನ್ ಮಾಡಿ.

ಪೂರ್ವ

ಪೂರ್ವ ತೀರದಲ್ಲಿ ಈಜ್ಬೇಡಿ. ಎಷ್ಟೇ ಚೆನ್ನಾಗಿ ಈಜು ಬಂದ್ರೂ ಬೇಡ. ಇಲ್ಲಿಂದ ಆಫ್ರಿಕಾದವರೆಗೆ ಮಧ್ಯೆ ನೆಲ ಇಲ್ಲ, ಅಟ್ಲಾಂಟಿಕ್ ಅಲೆ ನೇರ ಬಂದು ಬಡಿಯತ್ತೆ, ಒಳಸೆಳೆತ ಇದೆ. ಬಾತ್‌ಶೀಬಾದಲ್ಲಿ ದೊಡ್ಡ ದೊಡ್ಡ ಬಂಡೆಗಳು ಬುಡ ಸವೆದು ಅಣಬೆ ಥರ ನಿಂತಿವೆ, ಆಚೆ ಸೂಪ್ ಬೌಲ್ ಅನ್ನೋ ಕಡೆ ಸರ್ಫಿಂಗ್ ಮಾಡೋರು ಇರ್ತಾರೆ. ನಮ್ಮಂಥೋರಿಗೆ ಇರೋದು ಬಂಡೆ ಮಧ್ಯದ ಗುಂಡಿಗಳು, ಇಳಿತದ ಹೊತ್ತಲ್ಲಿ ಅದರಲ್ಲಿ ನೀರು ನಿಂತು ಪುಟ್ಟ ಕೊಳ ಆಗತ್ತೆ, ಅದ್ರಲ್ಲಿ ಕೂತ್ರೆ ಅಲೆ ನೊರೆ ಮಾತ್ರ ಬಂದು ಮೈ ಸವರಿ ಹೋಗತ್ತೆ. ಹಿಂದಿನ ರಾತ್ರಿನೇ ಉಬ್ಬರ ಇಳಿತದ ಟೈಮ್ ನೋಡಿಟ್ಕೊಳ್ಳಿ, ನೀರು ಏರೋಕೆ ಶುರುವಾದ ತಕ್ಷಣ ಎದ್ದು ಬನ್ನಿ. ವ್ಯಾನ್ ಟೂರಲ್ಲಿ ಕಾಲು ಗಂಟೆ ನೋಡಿ ಬಂದಿದ್ದ ಜಾಗ ಇದೇ, ಎರಡನೇ ಸಲ 3 ಗಂಟೆ ಕೂತ್ವಿ.

ಮೇಲೆ ಗುಡ್ಡದ ಅಂಚಲ್ಲಿ ಸೇಂಟ್ ಜಾನ್ ಚರ್ಚ್. ಹಿಂದಿನ ಸ್ಮಶಾನದಲ್ಲಿ ಫರ್ಡಿನಾಂಡೋ ಪೆಲಿಯಲೋಗಸ್ ಅನ್ನೋರ ಸಮಾಧಿ ಇದೆ, ಕಾನ್‌ಸ್ಟಾಂಟಿನೋಪಲ್ ಆಳಿದ ಕೊನೇ ಗ್ರೀಕ್ ಚಕ್ರವರ್ತಿಗಳ ವಂಶದವರು ಅಂತ ಕಲ್ಲಲ್ಲಿ ಕೆತ್ತಿದಾರೆ. ಅಲ್ಲಿಂದ ಇಡೀ ಪೂರ್ವ ತೀರ ಕಾಣತ್ತೆ. ವಾಪಸ್ ಬರೋವಾಗ ಗನ್ ಹಿಲ್ ಹತ್ರ ನಿಲ್ಲಿಸಿ, 1818ರ ಸಿಗ್ನಲ್ ಠಾಣೆ, ಗುಡ್ಡದಿಂದ ಗುಡ್ಡಕ್ಕೆ ಬಾವುಟ ತೋರಿಸಿ ಸುದ್ದಿ ಕಳಿಸ್ತಿದ್ರು. ಕಟ್ಟಿದ್ದು ಹಡಗು ನೋಡೋಕೆ ಮಾತ್ರ ಅಲ್ಲ. 1816ರ ಈಸ್ಟರ್ ಸಮಯದಲ್ಲಿ ಬುಸ್ಸಾ ಅನ್ನೋ ಗುಲಾಮನ ಮುಂದಾಳತ್ವದಲ್ಲಿ ದಂಗೆ ಆಗಿತ್ತು, ಆಮೇಲೆ ದ್ವೀಪದ ಒಳಗಿನ ಜನರ ಮೇಲೂ ಕಣ್ಣಿಡೋಕೆ ಇದು ಬೇಕಾಯ್ತು. ಬ್ರಿಡ್ಜ್‌ಟೌನ್ ಆಚೆ ಹೈವೇ ಸರ್ಕಲಲ್ಲಿ ಸರಪಳಿ ಹರ್ಕೊಂಡು ಕೈ ಎತ್ತಿ ನಿಂತಿರೋ ಪ್ರತಿಮೆ ಕಾಣತ್ತೆ, ಜನ ಅದನ್ನ ಬುಸ್ಸಾ ಅಂತಾನೇ ಕರೀತಾರೆ, 1985ರಲ್ಲಿ ನಿಲ್ಲಿಸಿದ್ದು. ಟ್ರಾಫಿಕ್ ಮಧ್ಯೆ ಇದೆ, ಕಾರಿಂದಾನೇ ನೋಡಿ.

ದಕ್ಷಿಣ, ಊಟ, ಕೊನೇ ದಿನ

ಶುಕ್ರವಾರ ರಾತ್ರಿ ಓಯ್ಸ್ಟಿನ್ಸ್ ಮೀನುಪೇಟೆಗೆ ಎಲ್ಲರೂ ಹೋಗ್ತಾರೆ, ಬಿಸಿಬಿಸಿ ಸುಟ್ಟ ಮೀನು, ಹಾಡು, ಕುಣಿತ. ಅಪ್ಪ ಶುದ್ಧ ಸಸ್ಯಾಹಾರಿ, ಅವರಿಗೆ ಬಾಳೆಕಾಯಿ ಥರದ ಪ್ಲಾಂಟೇನ್, ಬ್ರೆಡ್‌ಫ್ರೂಟ್ ಅಂದ್ರೆ ನಮ್ಮ ಕರಾವಳಿ ಕಡೆ ಜೀಗುಜ್ಜೆ, ಮ್ಯಾಕರೋನಿ ಪೈ ಸಿಕ್ತು. ಅನ್ನ ಕಾಳು ಬೇಯಿಸೋವಾಗ ಮಾಂಸ ಹಾಕಿರ್ತಾರೆ, ಕೇಳಿ ತಗೊಳ್ಳಿ. ಟ್ರಿನಿಡಾಡ್ ಕಡೆಯಿಂದ ಬಂದ ರೋಟಿ ಎಲ್ಲಾ ಕಡೆ ಸಿಗತ್ತೆ, ಆಲೂಗಡ್ಡೆ ಕಡಲೆಕಾಳಿನ ಪಲ್ಯ ತುಂಬಿದ್ದು ಕೇಳಿ. ಕೂಕೂ ಮಾತ್ರ ತಪ್ಪಿಸ್ಕೋಬೇಡಿ, ಮುಸುಕಿನ ಜೋಳದ ಹಿಟ್ಟು, ಬೆಂಡೆಕಾಯಿ ಹಾಕಿ ಚಪ್ಪಟೆ ಕೋಲಲ್ಲಿ ಗಂಟಾಗದಂಗೆ ತಿರುವಿ ತಿರುವಿ ಮಾಡ್ತಾರೆ, ಮುದ್ದೆನೇ ಅದು, ಅವರದಕ್ಕೆ ಫ್ಲೈಯಿಂಗ್ ಫಿಶ್ ಸಾರು, ಅಪ್ಪನಿಗೆ ಮೀನಿಲ್ಲದ ಗ್ರೇವಿ ಬೇರೆ ಕೊಟ್ರು. ಎರಡು ಸಲ ಹಾಕಿಸ್ಕೊಂಡ್ರು.

ಆಗ್ನೇಯದ ಕ್ರೇನ್ ಬೀಚ್ ಮರಳಲ್ಲಿ ಸಣ್ಣ ಗುಲಾಬಿ ಛಾಯೆ ಇದೆ, ಬಾಟಮ್ ಬೇ ಬಂಡೆ ಮಧ್ಯೆ ತೆಂಗಿನ ಮರ ಇರೋ ಕೊಲ್ಲಿ, ಎರಡೂ ಕಡೆ ಅಲೆ ಜೋರು, ದಡದಲ್ಲೇ ಆಡಿ.

ಕೊನೇ ದಿನ ಏರ್‌ಪೋರ್ಟಿಗೆ ಹೋಗೋ ಮುಂಚೆ ನ್ಯೂಟನ್ ಸ್ಮಶಾನಕ್ಕೆ ಹೋಗಿ, ಏರ್‌ಪೋರ್ಟ್ ಕಡೆಗೇ ಇದೆ. ಅಲ್ಲಿ ಕಟ್ಟಡ ಇಲ್ಲ, ಸಮಾಧಿ ಕಲ್ಲುಗಳಿಲ್ಲ, ಕಬ್ಬಿನ ಎಸ್ಟೇಟಿನ ಅಂಚಲ್ಲಿ ಹುಲ್ಲು ಬೆಳೆದ ಇಳಿಜಾರು ಅಷ್ಟೇ, ಸ್ಮಾರಕ ಕಟ್ಟೋ ಯೋಜನೆ ಇದೆ. ಸುಮಾರು 570 ಗುಲಾಮರನ್ನ ಅಲ್ಲಿ ಮಣ್ಣು ಮಾಡಿದಾರೆ ಅಂತ 1970ರ ದಶಕದಲ್ಲಿ ಅಗೆದ ಸಂಶೋಧಕರ ಅಂದಾಜು. ಅದರಲ್ಲಿ ವಯಸ್ಸಾದ ಒಬ್ಬರ ಕೊರಳಲ್ಲಿ ಹಾರ ಇತ್ತು, ನಾಯಿ ಹಲ್ಲು, ಮೀನಿನ ಮೂಳೆ, ಗಾಜಿನ ಮಣಿ, ಕವಡೆ, ಮಧ್ಯೆ ಕಾರ್ನೀಲಿಯನ್ ಅನ್ನೋ ಕಿತ್ತಳೆಗೆಂಪು ಬಣ್ಣದ ಕಲ್ಲಿನ ಒಂದು ಮಣಿ. ಆ ಮಣಿ ಗುಜರಾತಿನ ಖಂಭಾತ್ ಕಡೇದು ಇರಬೇಕು ಅಂತಾರೆ, ಕವಡೆ ನಮ್ಮ ಅಜ್ಜಿ ಚೌಕಾಬಾರ ಆಡ್ತಿದ್ದಂಥದ್ದೇ, ಹಿಂದೂ ಮಹಾಸಾಗರದ್ದು, ಆಫ್ರಿಕಾದಲ್ಲಿ ಮನುಷ್ಯರನ್ನ ಕೊಳ್ಳೋಕೆ ಕವಡೆನೇ ದುಡ್ಡಾಗಿ ನಡೀತಿತ್ತು. ಇದನ್ನ ಹೇಳಿದಾಗ ಅಪ್ಪ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಸ್ವಲ್ಪ ದೂರ ನಡ್ಕೊಂಡು ಹೋಗಿ ಕೈ ಮುಗಿದು ನಿಂತ್ರು.

ನೆರಳಿಲ್ಲ, ಅಂಗಡಿ ಇಲ್ಲ, ಟೋಪಿ, ನೀರು ತಗೊಂಡು ಹೋಗಿ, ಮಳೆ ಬಂದಿದ್ರೆ ಉದ್ದ ಪ್ಯಾಂಟು. ದಾರಿ ಬೋರ್ಡ್ ಸಣ್ಣದು, ಟ್ಯಾಕ್ಸಿಯವರಿಗೆ ನ್ಯೂಟನ್ ಬರಿಯಲ್ ಗ್ರೌಂಡ್ ಅಂತ ಹತ್ತೋ ಮುಂಚೆನೇ ಹೇಳಿ, ಕಾಯೋಕೆ ಎಷ್ಟು ಅಂತಾನೂ ಮಾತಾಡ್ಕೊಳ್ಳಿ, ಮುಕ್ಕಾಲು ಗಂಟೆ ಇಟ್ಕೊಂಡ್ರೆ ಫ್ಲೈಟಿಗೆ ಆರಾಮಾಗಿ ಹೋಗ್ಬಹುದು.